ಪಕ್ಕವಾದ್ಯದವರ ಕಡೆ ಕಿವಿಗೊಡಿ

ಪ್ರಿಯ ಮಿತ್ರರೇ,

ನಿಮ್ಮ ಲೇಖನ ತಲುಪಿತು, ಓದಿದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸನ ತಂದೆ ದಂತವೈದ್ಯರಾಗಿದ್ದದ್ದು ಅದರಲ್ಲಿದೆ. ಡೇವಿಸ್ ಹೆರಾಯಿನ್ ಚಟಕ್ಕೆ ಬಿದ್ದದ್ದು, ಅದರಿಂದ ಎದ್ದು ಬಂದದ್ದು ಇದೆ. ಅವನ 'ಕೈಂಡ್ ಆಫ್ ಬ್ಲೂ' ತಟ್ಟೆ, ಅಂದರೆ ರೆಕಾರ್ಡ್, ಎಷ್ಟು ಜನಪ್ರಿಯ ಎಂಬುದಕ್ಕೆ ಒಂದಿಡೀ ಪ್ಯಾರಾ ಮೀಸಲಾಗಿದೆ. 'ಮಾಂತ್ರಿಕ', 'ಅಲೌಕಿಕ', 'ಆತ್ಮಕ್ಕೆ ತಾಗುವ' ಎಂಬ ಮಾತುಗಳಿಗೂ ಬರವಿಲ್ಲ. ಇಲ್ಲದಿರುವುದು ಒಂದೇ, ಆ ತಟ್ಟೆಯಲ್ಲಿ ಕೇಳಿಸುವ ಸದ್ದು. ಅದನ್ನು ಒಮ್ಮೆಯೂ ಕೇಳದವರು ಕೂಡ ಈ ಲೇಖನವನ್ನು ಬರೆಯಬಹುದಿತ್ತು.

ಬೇಸರಿಸಬೇಡಿ. ನಿಮ್ಮ ವಾಕ್ಯಗಳಿಗೆ ಓಟ ಇದೆ, ಎಲ್ಲಿ ನಿಲ್ಲಿಸಬೇಕೆಂಬುದೂ ನಿಮಗೆ ಗೊತ್ತು. ಈ ವಯಸ್ಸಿನಲ್ಲಿ ಅಷ್ಟಿದ್ದರೆ ಉಳಿದದ್ದನ್ನು ಕೂತು ಮಾತಾಡಬಹುದು ಎಂದೇ ಈ ಪತ್ರ. ಜಾಝ್ ಬಗ್ಗೆ ಬರೆಯುವವರಲ್ಲಿ ಬಹುಪಾಲು ಮಂದಿ ತಟ್ಟೆಯ ಮೇಲೆ ಯಾರ ಹೆಸರು ದೊಡ್ಡದಾಗಿ ಅಚ್ಚಾಗಿದೆಯೋ ಅವನ ಜೀವನಚರಿತ್ರೆ ಬರೆಯುತ್ತಾರೆ. ತಟ್ಟೆಯಲ್ಲಿ ಇರುವುದಾದರೋ ಐದಾರು ಮಂದಿ ಒಂದು ಕೋಣೆಯಲ್ಲಿ ಒಬ್ಬರಿಗೊಬ್ಬರು ಕಿವಿಗೊಡುತ್ತ, ಅಲ್ಲಲ್ಲೇ ಉತ್ತರ ಕೊಡುತ್ತ ಕಳೆದ ಕೆಲವು ನಿಮಿಷಗಳು. ನೀವು ಬರೆಯಬೇಕಾದದ್ದು ಆ ಕೊಡು-ಕೊಳ್ಳುವಿಕೆಯನ್ನು. ಯಾರು, ಯಾವಾಗ, ಏನು ಮಾಡಿದರು? ಅದನ್ನು ಕೇಳಿ ಪಕ್ಕದವನು ಏನು ಮಾಡಿದ? ನನ್ನಲ್ಲಿ ಹೇಳಲು ಇದೊಂದೇ ಇದೆ. ಮಿಕ್ಕದ್ದೆಲ್ಲ ಇದರ ವಿವರ.

ನಿಮ್ಮದೇ ತಟ್ಟೆಯಿಂದ ಹಿಡಿಯೋಣ. ನ್ಯೂಯಾರ್ಕಿನ 30ನೇ ಬೀದಿಯಲ್ಲಿ ಕೊಲಂಬಿಯಾ ಕಂಪನಿಯ ಸ್ಟುಡಿಯೊ ಇತ್ತು. ಹಿಂದೆ ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಸೂರು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನಗಳಲ್ಲಿ ಅಲ್ಲಿ 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಣವಾಯಿತು. ಮೊದಲ ಹಾಡು 'ಸೋ ವಾಟ್'. ಪಿಯಾನೊದಲ್ಲಿ ಬಿಲ್ ಇವಾನ್ಸ್, ತಗ್ಗು ದನಿಯ ದೊಡ್ಡ ತಂತಿವಾದ್ಯವಾದ ಬೇಸ್‌ನಲ್ಲಿ ಪಾಲ್ ಚೇಂಬರ್ಸ್, ಇಬ್ಬರೂ ತಾಳವಿಲ್ಲದಂತೆ ಮೆಲ್ಲನೆ ಆರಂಭಿಸುತ್ತಾರೆ. ಬಳಿಕ ತಾಳ ಹಿಡಿದು ಬೇಸ್ ಒಂದು ಸಾಲು ನುಡಿಸುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರಿಸುತ್ತಾರೆ. ಇಲ್ಲಿ ಗಮನಿಸಿ. ಆ ಉತ್ತರವನ್ನು ಮೊದಲು ಕೊಡುವುದು ಪಿಯಾನೊ, ಊದುವ ವಾದ್ಯಗಳು ಸೇರಿಕೊಳ್ಳುವುದು ಆಮೇಲೆ. ಹಾಡಿನ ಮುಖ್ಯ ಮಾತನ್ನು ಆಡುತ್ತಿರುವವನು ಡೇವಿಸ್ ಅಲ್ಲ, ಎಲ್ಲರ ಹಿಂದೆ ನಿಂತ ಚೇಂಬರ್ಸ್. ನಿಮ್ಮ ಲೇಖನದಲ್ಲಿ ಚೇಂಬರ್ಸ್ ಹೆಸರೇ ಇಲ್ಲ.

ಆ ಮುಖ್ಯ ಮಾತು ಮುಗಿದು ಡೇವಿಸ್ ತನ್ನ ಸೋಲೊ, ಅಂದರೆ ತಾನೇ ಮುಂದಾಗಿ ನುಡಿಸುವ ಸರದಿ, ಎತ್ತಿಕೊಳ್ಳುವ ಜಾಗವನ್ನು ಹುಡುಕಿ. ಹುಡುಕಲು ಕಷ್ಟವೇನಿಲ್ಲ. ಅವನ ಮೊದಲ ಸ್ವರಗಳು ಕಿವಿಗೆ ಬಿದ್ದ ಕ್ಷಣದಲ್ಲೇ ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಸಿಂಬಲ್ (ಲೋಹದ ಬಿಲ್ಲೆ) ಒಂದನ್ನು ಜೋರಾಗಿ ಹೊಡೆಯುತ್ತಾನೆ. ಅಲ್ಲಿಯವರೆಗೆ ಇದ್ದ ತಗ್ಗಿದ ದನಿಗೆ ಹೋಲಿಸಿದರೆ ಆ ಪೆಟ್ಟು ತುಸು ಜಾಸ್ತಿಯೇ ಆಯಿತು. ಆದರೆ ಕೈ ಹಿಡಿದು ಅದನ್ನು ನಿಲ್ಲಿಸಲು ಹೋಗದೆ ಅದರ ಪಾಡಿಗೆ ಬಿಟ್ಟುಬಿಡುತ್ತಾನೆ. ಸಿಂಬಲ್ ನಾದ ಹರಡಿಕೊಳ್ಳುತ್ತ, ಸಣ್ಣಗಾಗುತ್ತ ಹೋಗುವಷ್ಟು ಹೊತ್ತು ಡೇವಿಸ್ ಎರಡು ಮೂರು ಸ್ವರಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲ. ಕೆಳಗೆ ಚೇಂಬರ್ಸ್ ಸಾಲು ಬಿಟ್ಟು ನಡಿಗೆಗೆ ಇಳಿದಿದ್ದಾನೆ, ಎಣಿಕೆಗೊಂದು ಹೆಜ್ಜೆ. ಇಡೀ ತಟ್ಟೆಯ ಗುಣ ಆ ನಾಲ್ಕಾರು ಸೆಕೆಂಡುಗಳಲ್ಲಿದೆ ಎಂದು ನಾನು ವಾದಿಸಬಲ್ಲೆ. 'ಮೈಲ್ಸ್ ಡೇವಿಸ್ ಮೌನವನ್ನು ಬಲ್ಲವನು' ಎಂದು ನೀವು ಬರೆದಿದ್ದೀರಿ. ಸರಿ, ಆದರೆ ಆ ಮೌನದಲ್ಲಿ ಏನು ಕೇಳಿಸುತ್ತಿತ್ತು? ಸಿಂಬಲ್ ಕೇಳಿಸುತ್ತಿತ್ತು. ಡೇವಿಸ್ ಸುಮ್ಮನಿರಲು ಸಾಧ್ಯವಾದದ್ದು ಕಾಬ್ ಸುಮ್ಮನಿರಲಿಲ್ಲವಾದ್ದರಿಂದ. ಹೀಗೆ ಬರೆದ ವಾಕ್ಯವನ್ನು ಓದುಗ ತಟ್ಟೆ ಹಾಕಿ ಪರೀಕ್ಷಿಸಬಹುದು. 'ಅಲೌಕಿಕ' ಎಂಬುದನ್ನು ಪರೀಕ್ಷಿಸುವುದು ಹೇಗೆ?

ಒಂದು ಕೆಲಸ ಮಾಡಿ. ಒಂದು ಹಾಡನ್ನು ಆರಿಸಿಕೊಂಡು, ಪ್ರತಿ ಸಲ ಕೇಳುವಾಗಲೂ ಒಬ್ಬನನ್ನೇ ಹಿಂಬಾಲಿಸಿ. ಒಂದು ಸಲ ಬೇಸ್ ಮಾತ್ರ. ಇನ್ನೊಂದು ಸಲ ಡ್ರಮ್ಸ್‌ನವನ ಬಲಗೈ ಮಾತ್ರ. ಆಮೇಲೆ ಪಿಯಾನೊದವನು ಇನ್ನೊಬ್ಬರ ಸೋಲೊ ನಡೆಯುವಾಗ ಎಲ್ಲಿ ಬಾಯಿ ಹಾಕುತ್ತಾನೆ, ಎಲ್ಲಿ ಹಾಕುವುದಿಲ್ಲ ಎಂಬುದು. ಸೋಲೊ ನುಡಿಸುವವನ ಸರದಿ ಕೊನೆಗೆ ಬರಲಿ. ಮೊಬೈಲ್ ಸ್ಪೀಕರಿನಲ್ಲಿ ಕೇಳಿದರೆ ಇದಾವುದೂ ಆಗದು. ಅಷ್ಟು ಚಿಕ್ಕ ಸ್ಪೀಕರಿಗೆ ತಗ್ಗು ಸ್ವರಗಳು ನಿಲುಕುವುದಿಲ್ಲ, ಚೇಂಬರ್ಸ್ ಅರ್ಧಕ್ಕರ್ಧ ಮಾಯವಾಗಿಬಿಡುತ್ತಾನೆ. ದುಬಾರಿ ಉಪಕರಣ ಬೇಕಿಲ್ಲ, ಸಾಧಾರಣ ಹೆಡ್‌ಫೋನ್ ಸಾಕು. (ಉಪಕರಣದ ಬಗ್ಗೆ ಬರೆಯುವವರು ಬೇರೆಯೇ ಒಂದು ಪಂಗಡ. ಅವರ ಸಹವಾಸ ನಿಮಗೆ ಬೇಡ.)

ನಮ್ಮಲ್ಲಿ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಒಂದು ಅನುಕೂಲವೂ ಇದೆ, ಒಂದು ಅಪಾಯವೂ ಇದೆ. ಅನುಕೂಲ ಎಂದರೆ ಆವರ್ತ ಎಂಬುದನ್ನು ನಮಗೆ ಹೇಳಿಕೊಡಬೇಕಿಲ್ಲ. ಜಾಝ್‌ನವರು ಕೋರಸ್ ಎನ್ನುವುದು ಇಂಥದೇ ಒಂದು ಸುತ್ತು. ನಾಲ್ಕೆಣಿಕೆ ಸೇರಿದರೆ ಒಂದು ಬಾರ್. ಬ್ಲೂಸ್ ಎಂಬ ಬಗೆಯ ಹಾಡಾದರೆ 12 ಬಾರ್, ಸಾಮಾನ್ಯ ಹಾಡಾದರೆ 32 ಬಾರ್. ಸುತ್ತು ಮುಗಿದೊಡನೆ ಮತ್ತೆ ಮೊದಲಿಗೆ. ಕೈಯಲ್ಲಿ ತಾಳ ಹಾಕಿಕೊಂಡು ಕಚೇರಿ ಕೇಳುವವರು ಅದೇ ಕೈಯಿಂದ ಇದನ್ನೂ ಎಣಿಸಬಹುದು. ಎಣಿಸತೊಡಗಿದ ದಿನದಿಂದ ಸೋಲೊ ಎಂಬುದು ಸುಮ್ಮನೆ ಸುರಿದ ಸ್ವರಗಳಾಗಿ ಉಳಿಯುವುದಿಲ್ಲ. ಯಾರು ಸುತ್ತಿನ ಗಡಿಯಲ್ಲಿ ಉಸಿರು ತೆಗೆದುಕೊಂಡರು, ಯಾರು ಗಡಿ ದಾಟಿ ನುಗ್ಗಿದರು ಎಂಬುದು ಕಾಣತೊಡಗುತ್ತದೆ.

ಅಪಾಯ ಯಾವುದೆಂದರೆ, 'ಜಾಝ್ ಎಂದರೆ ಪಶ್ಚಿಮದ ರಾಗಸಂಗೀತ' ಎಂದು ಬರೆದು ಕೈ ತೊಳೆದುಕೊಳ್ಳುವುದು. ನೀವೂ ಆ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದೀರಿ. 'ಸೋ ವಾಟ್'ನ ಸ್ವರಶ್ರೇಣಿ ನಮ್ಮ ಖರಹರಪ್ರಿಯದ ಸ್ವರಗಳೇ ಎಂಬುದು ನಿಜ. ಆದರೆ ಅದನ್ನು ಹೇಳಿ ನಿಲ್ಲಿಸಬೇಡಿ, ಮುಂದಕ್ಕೆ ಎಣಿಸಿ. 16 ಬಾರ್ ಒಂದು ಆಧಾರದ ಮೇಲೆ ನಡೆದ ಹಾಡು 17ನೆಯದರಲ್ಲಿ ಇದ್ದಕ್ಕಿದ್ದಂತೆ ಇಡಿಯಾಗಿ ಅರ್ಧ ಸ್ವರ ಮೇಲಕ್ಕೆ ಸರಿಯುತ್ತದೆ. ಎಂಟು ಬಾರ್ ಅಲ್ಲಿದ್ದು ಮತ್ತೆ ಕೆಳಗಿಳಿಯುತ್ತದೆ. ನಮ್ಮ ಕಚೇರಿಯಲ್ಲಿ ತಂಬೂರಿಯನ್ನೇ ಎತ್ತಿ ಬೇರೆ ಷಡ್ಜಕ್ಕೆ ಒಯ್ದಂತೆ ಅದು, ಯಾರೂ ಮಾಡುವುದಿಲ್ಲ. ಆ ಎಂಟು ಬಾರ್‌ಗಳಿಗೆ ಬಂದಾಗ ಡೇವಿಸ್ ಏನು ಮಾಡುತ್ತಾನೆ, ಟೆನರ್ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಏನು ಮಾಡುತ್ತಾನೆ, ಆಲ್ಟೊ ಸ್ಯಾಕ್ಸೊಫೋನಿನ ಕ್ಯಾನನ್‌ಬಾಲ್ ಆ್ಯಡರ್ಲಿ ಏನು ಮಾಡುತ್ತಾನೆ ಎಂದು ಹೋಲಿಸಿ ನೋಡಿದರೆ ಮೂವರ ಸ್ವಭಾವವೂ ಹೊರಬೀಳುತ್ತದೆ. ಸಾಮ್ಯ ಹೇಳುವುದು ಸುಲಭ. ಸಾಮ್ಯ ಎಲ್ಲಿ ಮುರಿಯುತ್ತದೆ ಎಂದು ತೋರಿಸುವಾಗಲೇ ಓದುಗ ಕುರ್ಚಿಯಲ್ಲಿ ನೇರವಾಗಿ ಕೂರುವುದು.

ನಿಮ್ಮ ಕಾಗದದಲ್ಲಿ 'ಹಳೆಯ ತಟ್ಟೆಗಳ ಗರಗರ ಸದ್ದು ದಾಟಿ ಒಳಹೋಗಲು ಆಗುತ್ತಿಲ್ಲ' ಎಂದಿದ್ದೀರಿ. ಅದಕ್ಕೆ ಔಷಧ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗನ 'ವೆಸ್ಟ್ ಎಂಡ್ ಬ್ಲೂಸ್'. 1928ರ ಜೂನ್ 28, ಷಿಕಾಗೊ, ಓಕೆ ಕಂಪನಿಗೆ ಮುದ್ರಣ. ಆರ್ಮ್‌ಸ್ಟ್ರಾಂಗನಿಗೆ ಆಗ 26 ವರ್ಷ. ಹಾಡು ಅವನದಲ್ಲ, ಅವನ ಗುರುವಿನಂತಿದ್ದ ಕಿಂಗ್ ಆಲಿವರನದು. ಆಲಿವರ್ ಕೂಡ ಅದೇ ತಿಂಗಳು ಅದನ್ನು ಮುದ್ರಿಸಿದ್ದ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆಲಿವರನದು ಒಳ್ಳೆಯ ಹಾಡು. ಆರ್ಮ್‌ಸ್ಟ್ರಾಂಗನದು ಮೊದಲ ಹದಿನೈದು ಸೆಕೆಂಡಿನೊಳಗೆ ಬೇರೆ ಎಲ್ಲಿಗೋ ಹೋಗಿಬಿಟ್ಟಿರುತ್ತದೆ. ಯಾವ ವಾದ್ಯದ ಜೊತೆಯೂ ಇಲ್ಲದೆ ಟ್ರಂಪೆಟ್ ಒಂದೇ ನಾಲ್ಕು ಗಟ್ಟಿ ಸ್ವರಗಳಿಂದ ಹೊರಟು, ಮೇಲಕ್ಕೆ ಹಾರಿ, ಮೆಟ್ಟಿಲು ತಪ್ಪದೆ ಇಳಿಯುತ್ತದೆ. ಆಮೇಲೆ ಎಲ್ಲರೂ ಸೇರಿ ಎಳೆಯುವ ಒಂದು ನಿಡಿದಾದ ಸ್ವರಗುಚ್ಛ, ಹಾಡು ಶುರು.

ಇದರ ಬಗ್ಗೆ ಬರೆದವರೆಲ್ಲ ಆ ಆರಂಭವನ್ನು ಹೊಗಳಿ ಅಲ್ಲೇ ನಿಲ್ಲುತ್ತಾರೆ. ನೀವು ಮುಂದೆ ಹೋಗಿ. 12 ಬಾರ್‌ನ ಐದು ಸುತ್ತುಗಳಿವೆ. ಮೊದಲನೆಯದರಲ್ಲಿ ಎಲ್ಲರೂ ಕೂಡಿ ಹಾಡನ್ನು ಹೇಳುತ್ತಾರೆ. ಎರಡನೆಯದು ಫ್ರೆಡ್ ರಾಬಿನ್ಸನನ ಟ್ರಾಂಬೋನ್. ದೊಡ್ಡ ಸಾಧನೆಯೇನಲ್ಲ, ಆದರೆ ಅದರ ಹಿಂದೆ ಜಟ್ಟಿ ಸಿಂಗಲ್ಟನ್ ಕೈಯಲ್ಲಿ ಹಿಡಿದ ಪುಟ್ಟ ಸಿಂಬಲ್‌ಗಳಿಂದ ಹೊರಡಿಸುವ ಕಟಕಟ ಎಂಬ ಒಣ ಸದ್ದನ್ನು ಕೇಳಿ. ಮೂರನೆಯದರಲ್ಲಿ ಜಿಮ್ಮಿ ಸ್ಟ್ರಾಂಗ್ ಕ್ಲಾರಿನೆಟ್‌ನ ತಗ್ಗು ಸ್ಥಾಯಿಯಲ್ಲಿ ಒಂದು ಮಾತು ಹೇಳುತ್ತಾನೆ, ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಕೆಳಗಿಟ್ಟು ಪದವಿಲ್ಲದ ದನಿಯಲ್ಲಿ ಉತ್ತರಿಸುತ್ತಾನೆ. ಮೊದಮೊದಲು ಕ್ಲಾರಿನೆಟ್ ಹೇಳಿದ್ದನ್ನೇ ಹೇಳುವವನು ಸ್ವಲ್ಪ ಸ್ವಲ್ಪವಾಗಿ ತನ್ನದನ್ನು ಸೇರಿಸುತ್ತ, ಸುತ್ತು ಮುಗಿಯುವ ಹೊತ್ತಿಗೆ ಸಂಭಾಷಣೆಯನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತಾನೆ. ಜೋರು ಮಾಡದೆ. ನಾಲ್ಕನೆಯದು ಅರ್ಲ್ ಹೈನ್ಸ್‌ನ ಪಿಯಾನೊ, ಉಳಿದವರೆಲ್ಲ ಮೌನ.

ಐದನೆಯ ಸುತ್ತಿಗೆ ಆರ್ಮ್‌ಸ್ಟ್ರಾಂಗ್ ಮರಳುತ್ತಾನೆ. ಮರಳಿ ಮಾಡುವುದಾದರೂ ಏನು? ಒಂದೇ ಸ್ವರ. ಮೇಲಿನ ಒಂದು ಸ್ವರವನ್ನು ಹಿಡಿದು ಸುಮಾರು ನಾಲ್ಕು ಬಾರ್ ಉದ್ದಕ್ಕೂ ಬಿಡುವುದೇ ಇಲ್ಲ. ಆ ಹೊತ್ತಿನಲ್ಲಿ ನಿಮ್ಮ ಕಿವಿ ಅವನ ಮೇಲಲ್ಲ, ಕೆಳಗೆ ಇರಲಿ. ಅವನು ಕದಲದೆ ನಿಂತಿದ್ದಾನೆ, ಉಳಿದವರು ಅವನ ಅಡಿಯಲ್ಲಿ ಒಂದೊಂದೇ ಎಣಿಕೆ ದಾಟುತ್ತಿದ್ದಾರೆ. ಸ್ವರ ಬದಲಾಗದಿದ್ದರೂ ಅದರ ಬಣ್ಣ ಬದಲಾಗುತ್ತಿರುವುದು ಅದಕ್ಕೇ. ತಡೆಯಲಾರದಷ್ಟಾದಾಗ ಬಿಟ್ಟುಕೊಟ್ಟು, ಒಂದೇ ಇಳಿಜಾರಿನ ತುಣುಕನ್ನು ಮತ್ತೆ ಮತ್ತೆ ಚೆಲ್ಲುತ್ತಾನೆ. ಕೊನೆಯಲ್ಲಿ ಎಲ್ಲ ಮುಗಿಯಿತು ಎನ್ನುವಾಗ ಸಿಂಗಲ್ಟನ್ ಪುಟ್ಟ ಸಿಂಬಲಿನಿಂದ ಟಕ್ ಎಂದು ಒಂದು ಸದ್ದು ಮಾಡುತ್ತಾನೆ. ಅಷ್ಟು ಗಂಭೀರವಾದುದರ ಕೊನೆಗೆ ಈ ಟಕ್ ಯಾಕೆ ಎಂದು ಕೆಲವರಿಗೆ ಕಸಿವಿಸಿ. ನನಗೆ ಅದು ಇರಬೇಕು. ಮೂರು ನಿಮಿಷ ಚಿಲ್ಲರೆಯ ಈ ತಟ್ಟೆಯನ್ನು ಎದುರಿಗೆ ಇಟ್ಟುಕೊಂಡು ಒಂದು ಪುಟ ಬರೆಯಲು ಸಾಧ್ಯವಾಗದಿದ್ದರೆ ಇಡೀ ಎಲ್ಪಿಯ ಬಗ್ಗೆ ಬರೆಯುವ ಮಾತು ಸದ್ಯಕ್ಕೆ ಬೇಡ.

ಆ ಮೂರು ನಿಮಿಷವೂ ಯಾರ ಸೌಂದರ್ಯಪ್ರಜ್ಞೆಯಿಂದಲೂ ಬಂದದ್ದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದೇ ಅಷ್ಟು. ರಾತ್ರಿ ಕುಣಿತದ ಸಭಾಂಗಣದಲ್ಲಿ ಇದೇ ಜನ ಒಂದು ಹಾಡನ್ನು ಎಷ್ಟು ಹೊತ್ತು ಬೇಕಾದರೂ ಎಳೆಯುತ್ತಿದ್ದರು. ಹಾಗಾಗಿ ತಟ್ಟೆ ಕೇಳುವಾಗ ಯಂತ್ರವನ್ನೂ ಕೇಳಿ. 1923ರ ಏಪ್ರಿಲಿನಲ್ಲಿ ಕಿಂಗ್ ಆಲಿವರನ ತಂಡ ಇಂಡಿಯಾನಾ ರಾಜ್ಯದ ರಿಚ್ಮಂಡ್ ಊರಿನ ಜೆನೆಟ್ ಸ್ಟುಡಿಯೊಗೆ ಹೋಯಿತು. ಆಗಿನ್ನೂ ಮೈಕ್ ಬಂದಿರಲಿಲ್ಲ. ದೊಡ್ಡ ಕೊಳವೆಯೊಂದರ ಮುಂದೆ ಎಲ್ಲರೂ ನಿಂತು ನುಡಿಸಬೇಕು, ಗಾಳಿಯ ಅಲುಗಾಟವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೀರು ಕೊರೆಯಬೇಕು. ಸ್ಟುಡಿಯೊ ಪಕ್ಕದಲ್ಲೇ ರೈಲುಹಳಿ, ರೈಲು ಬಂದರೆ ಕೆಲಸ ನಿಲ್ಲುತ್ತಿತ್ತು. ಡ್ರಮ್ ಜೋರಾದರೆ ಸೂಜಿ ಜಿಗಿಯುತ್ತಿತ್ತು, ಆದ್ದರಿಂದ ಬೇಬಿ ಡಾಡ್ಸ್ ಮರದ ತುಂಡುಗಳ ಮೇಲೆ ತಾಳ ಹಾಕಿದ. ಎರಡನೆಯ ಕಾರ್ನೆಟ್ (ಟ್ರಂಪೆಟ್‌ನಂಥದೇ ವಾದ್ಯ) ನುಡಿಸುತ್ತಿದ್ದ ಹುಡುಗ ಆರ್ಮ್‌ಸ್ಟ್ರಾಂಗನ ದನಿ ಉಳಿದವರನ್ನು ಮುಳುಗಿಸುತ್ತಿದ್ದುದರಿಂದ ಅವನನ್ನು ದೂರ ಹಿಂದಕ್ಕೆ ನಿಲ್ಲಿಸಿದ್ದನ್ನು ಪಿಯಾನೊದಲ್ಲಿದ್ದ ಲಿಲ್ ಹಾರ್ಡಿನ್ ಆಮೇಲೆ ನೆನಪಿಸಿಕೊಂಡಿದ್ದಾಳೆ. ಮುಂದಿನ ವರ್ಷ ಅವರಿಬ್ಬರ ಮದುವೆಯಾಯಿತು, ಇರಲಿ. ಈ ತಟ್ಟೆಗಳನ್ನು ಕೇಳಿ 'ಆ ಕಾಲದ ಡ್ರಮ್ಸ್ ಬಲು ಸರಳವಾಗಿತ್ತು' ಎಂದು ಬರೆದವರಿದ್ದಾರೆ. ಸರಳವಾಗಿದ್ದದ್ದು ಡ್ರಮ್ಸ್ ಅಲ್ಲ, ಕೊಳವೆ.

ತಟ್ಟೆಯೇ ಇಲ್ಲದ ಕಡೆಯೂ ಸಂಗೀತ ಇತ್ತು ಎಂಬುದನ್ನು ಮರೆಯಬೇಡಿ. ನ್ಯೂ ಆರ್ಲಿಯನ್ಸಿನಲ್ಲಿ ಎಲ್ಲರಿಗೂ ಮೊದಲಿಗನೆಂದು ಹೆಸರಾದ ಬಡ್ಡಿ ಬೋಲ್ಡನ್‌ನ ಒಂದು ಸ್ವರವೂ ನಮಗೆ ಉಳಿದಿಲ್ಲ. 1942ರ ಆಗಸ್ಟಿನಲ್ಲಿ ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು. ರೇಡಿಯೊ, ಜೂಕ್‌ಬಾಕ್ಸ್‌ಗಳಲ್ಲಿ ತಟ್ಟೆ ತಿರುಗಿದಷ್ಟೂ ತಮ್ಮ ಹೊಟ್ಟೆಗೆ ಹೊಡೆತ ಎಂಬುದು ಅವರ ದೂರು. ಎರಡು ದೊಡ್ಡ ಕಂಪನಿಗಳು ರಾಜಿಯಾದದ್ದು 1944ರ ನವೆಂಬರಿನಲ್ಲಿ. ಈ ಎರಡು ವರ್ಷಗಳಲ್ಲೇ ಹಾರ್ಲೆಮ್‌ನ ಮಿಂಟನ್ಸ್‌ನಂಥ ಜಾಗಗಳಲ್ಲಿ ತಡರಾತ್ರಿ ಬೀಬಾಪ್ ಎಂಬ ಹೊಸ ಜಾಝ್ ಶೈಲಿ ಬೆಳೆಯುತ್ತಿತ್ತು. ಹೀಗಾಗಿ 1945ರ ನವೆಂಬರ್ 26ರಂದು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮುದ್ರಿಸಿದ 'ಕೋ ಕೋ' ಕೇಳಿದವರಿಗೆ ಅದು ಆಕಾಶದಿಂದ ಬಿದ್ದಂತೆ ಕಂಡಿತು. ಬಿದ್ದದ್ದಲ್ಲ, ಬೆಳೆಯುವುದನ್ನು ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ. 'ಇದ್ದಕ್ಕಿದ್ದಂತೆ ಕ್ರಾಂತಿಯಾಯಿತು' ಎಂದು ಬರೆಯುವ ಮೊದಲು ಅದರ ಹಿಂದಿನ ವರ್ಷ ಯಾರಾದರೂ ತಟ್ಟೆ ಮಾಡುತ್ತಿದ್ದರೇ ಎಂದು ವಿಚಾರಿಸಿ.

ಇನ್ನು ದಂತಕಥೆಗಳು. ನಿಮ್ಮ ಲೇಖನದಲ್ಲಿ 'ಕೈಂಡ್ ಆಫ್ ಬ್ಲೂ' ಪೂರ್ತಿಯಾಗಿ ಮೊದಲ ಪ್ರಯತ್ನದಲ್ಲೇ ಮುದ್ರಣವಾಯಿತು ಎಂದಿದೆ. ಎಲ್ಲರೂ ಹಾಗೇ ಬರೆಯುತ್ತಾರೆ. ಮುದ್ರಣದ ಟೇಪುಗಳು ಬೇರೆ ಹೇಳುತ್ತವೆ. ಶುರುಮಾಡಿ ನಿಲ್ಲಿಸಿದ ಪ್ರಯತ್ನಗಳಿವೆ, 'ಫ್ಲೆಮೆಂಕೊ ಸ್ಕೆಚಸ್' ಹಾಡನ್ನಂತೂ ಕೊನೆಯವರೆಗೆ ಎರಡು ಸಲ ನುಡಿಸಿದ್ದಾರೆ, ಎರಡೂ ಇಂದು ಕೇಳಲು ಸಿಗುತ್ತವೆ. ಎರಡನ್ನೂ ಕೇಳಿ ಯಾವುದರಲ್ಲಿ ಯಾರು ಏನನ್ನು ಬದಲಿಸಿದರು ಎಂದು ಬರೆದರೆ ಅದು ದಂತಕಥೆಗಿಂತ ಎಷ್ಟೋ ಸ್ವಾರಸ್ಯದ ಬರಹವಾಗುತ್ತದೆ. ಇನ್ನೊಂದು ಸಂಗತಿ. ಮಾರ್ಚ್ 2ರಂದು ಬಳಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಅದರಿಂದ ತಯಾರಾದ ತಟ್ಟೆಯ ಮೊದಲ ಮಗ್ಗುಲಿನ ಮೂರೂ ಹಾಡುಗಳು ತುಸು ವೇಗವಾಗಿ, ಶ್ರುತಿ ತುಸು ಏರಿದಂತೆ ಕೇಳಿಸುತ್ತಿದ್ದವು. ಅದನ್ನು ಸರಿಪಡಿಸಿದ್ದು 1990ರ ದಶಕದಲ್ಲಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜಗತ್ತು ಕಣ್ಣು ಮುಚ್ಚಿ ಆಲಿಸಿದ್ದು ಆ ಏರಿದ ಶ್ರುತಿಯನ್ನೇ. ನೀವು ಕೇಳಿದ್ದು ಯಾವ ಪ್ರತಿ? ಬರೆಯುವಾಗ ಅದು ನಿಮಗಾದರೂ ಗೊತ್ತಿರಬೇಕು.

ದಂತಕಥೆ ಬಿಟ್ಟು ಕಿವಿಯನ್ನು ನಂಬುವುದು ಎಷ್ಟು ಕಷ್ಟ ಎಂಬುದಕ್ಕೆ 1954ರ ಡಿಸೆಂಬರ್ 24ರ ಮುದ್ರಣ ಒಂದು ಪಾಠ. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಊರು, ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದ ರೂಡಿ ವ್ಯಾನ್ ಗೆಲ್ಡರ್ ತನ್ನ ತಂದೆತಾಯಿಯ ಮನೆಯ ನಡುಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ. ಅಂದು ಅಲ್ಲಿ ಡೇವಿಸ್, ಪಿಯಾನೊದ ಥೆಲೋನಿಯಸ್ ಮಂಕ್, ವೈಬ್ರಾಫೋನಿನ ಮಿಲ್ಟ್ ಜಾಕ್ಸನ್, ಬೇಸ್ ನುಡಿಸುವ ಪರ್ಸಿ ಹೀತ್, ಡ್ರಮ್ಸ್ ನುಡಿಸುವ ಕೆನ್ನಿ ಕ್ಲಾರ್ಕ್ ಸೇರಿದ್ದರು. ತಾನು ಸೋಲೊ ನುಡಿಸುವಾಗ ಪಿಯಾನೊ ಬೇಡ ಎಂದು ಡೇವಿಸ್ ಮಂಕ್‌ಗೆ ಹೇಳಿದ್ದ. ಇಬ್ಬರೂ ಹೊಡೆದಾಡಿಕೊಂಡರು ಎಂಬ ಕಥೆ ಅಲ್ಲಿಂದ ಹುಟ್ಟಿ ಇನ್ನೂ ತಿರುಗುತ್ತಿದೆ. ಅದು ಹಾಗಿರಲಿ. 'ದ ಮ್ಯಾನ್ ಐ ಲವ್' ಹಾಡಿನ ಎರಡನೆಯ ಟೇಕ್ ಕೇಳಿ. ಮಂಕ್‌ನ ಸರದಿ ಬರುತ್ತದೆ. ಅವನು ಹಾಡಿನ ಮೂಲ ಧಾಟಿಯನ್ನು ಹಿಗ್ಗಿಸಿ ಹಿಗ್ಗಿಸಿ ನುಡಿಸುತ್ತಾನೆ, ಕೆಳಗೆ ಹೀತ್ ಮತ್ತು ಕ್ಲಾರ್ಕ್ ತಮ್ಮ ವೇಗದಲ್ಲೇ ಓಡುತ್ತಿದ್ದಾರೆ. ಮಂಕ್ ನಿಲ್ಲಿಸಿಬಿಡುತ್ತಾನೆ. ಪಿಯಾನೊ ಇಲ್ಲ. ಬೇಸ್ ನಡೆಯುತ್ತಿದೆ, ಡ್ರಮ್ಸ್ ನಡೆಯುತ್ತಿದೆ, ಬಾರ್‌ಗಳು ಖಾಲಿ ದಾಟುತ್ತಿವೆ. ಆಗ ದೂರದಿಂದ ಟ್ರಂಪೆಟ್‌ನ ಒಂದು ತುಣುಕು ಕೇಳಿಸುತ್ತದೆ, ಸಾಲಿನ ಮಧ್ಯೆ ನಿಂತವನನ್ನು ಹಿಂದಿನಿಂದ ಯಾರೋ ಎಚ್ಚರಿಸಿದಂತೆ. ಮಂಕ್ ಥಟ್ಟನೆ ಬೆರಳು ಹಾಕುತ್ತಾನೆ, ಈ ಸಲ ತಾಳದ ವೇಗದಲ್ಲೇ.

ಮುನಿಸೇ? ಮರೆವೇ? ತಮಾಷೆಯೇ? ಬೇಕೆಂದೇ ಬಿಟ್ಟ ಜಾಗವೇ? ಬರೆದವರೆಲ್ಲ ಒಂದೊಂದನ್ನು ಆರಿಸಿಕೊಂಡಿದ್ದಾರೆ. ನೀವು ಆರಿಸಬೇಡಿ. ಎಷ್ಟು ಹೊತ್ತು ನಿಂತ, ಆ ಹೊತ್ತಿನಲ್ಲಿ ಹೀತ್ ಏನು ಮಾಡುತ್ತಿದ್ದ, ಮರಳಿದಾಗ ಎಲ್ಲಿಂದ ಹಿಡಿದುಕೊಂಡ ಎಂದು ಬರೆಯಿರಿ. ಓದುಗನಿಗೆ ಮಂಕ್‌ನ ಮನಸ್ಸು ಬೇಕೆನಿಸಿದರೆ ಅವನೇ ಊಹಿಸಿಕೊಳ್ಳುತ್ತಾನೆ, ಆ ಸಂತೋಷವನ್ನು ಅವನಿಂದ ಯಾಕೆ ಕಸಿಯಬೇಕು?

ಎಡವಿದ ಜಾಗಗಳನ್ನು ಮುಚ್ಚಿಡುವುದೂ ಅಭಿಮಾನಿಗಳ ಅಭ್ಯಾಸ. ಅಭಿಮಾನಿಯಾಗಿರಿ, ಆದರೆ ಬರೆಯಲು ಕೂತಾಗ ಅದನ್ನು ಪಕ್ಕಕ್ಕಿಡಿ. 1959ರ ಮೇ ತಿಂಗಳಲ್ಲಿ ಕೋಲ್ಟ್ರೇನ್ 'ಜೈಂಟ್ ಸ್ಟೆಪ್ಸ್' ಮುದ್ರಿಸಿದ. ಮೂರು ಬೇರೆ ಬೇರೆ ಆಧಾರ ಸ್ವರಗಳ ನಡುವೆ ಹಾಡು ಜಿಗಿಯುತ್ತಿರುತ್ತದೆ, ಅದೂ ಉಸಿರು ಬಿಡಲು ಬಿಡದ ವೇಗದಲ್ಲಿ. ಕೋಲ್ಟ್ರೇನ್ ಆ ದಾರಿಯನ್ನು ತಿಂಗಳುಗಟ್ಟಲೆ ತುಳಿದಿದ್ದ. ಪಿಯಾನೊದಲ್ಲಿದ್ದ ಟಾಮಿ ಫ್ಲಾನಗನ್ ತುಳಿದಿರಲಿಲ್ಲ, ಆ ವೇಗವನ್ನು ನಿರೀಕ್ಷಿಸಿಯೂ ಇರಲಿಲ್ಲ. ಅವನ ಸೋಲೊ ಕೇಳಿ. ಮೊದಲು ಒಂದೆರಡು ಸಾಲು ಧೈರ್ಯವಾಗಿ ಬಿಡಿಸುತ್ತಾನೆ, ನಡುವೆ ಎಡೆ ಬೀಳುತ್ತದೆ, ಸಾಲುಗಳು ತುಂಡಾಗುತ್ತವೆ, ಕಡೆಕಡೆಗೆ ಬರೀ ಸ್ವರಗುಚ್ಛಗಳನ್ನು ಒತ್ತಿ ದಡ ಸೇರುತ್ತಾನೆ. ಮರುಕ್ಷಣ ಕೋಲ್ಟ್ರೇನ್ ಏನೂ ಆಗಿಲ್ಲವೆಂಬಂತೆ ನುಗ್ಗುತ್ತಾನೆ. ಫ್ಲಾನಗನ್ ಸಾಮಾನ್ಯನಲ್ಲ, ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್‌ಗೆ ವರ್ಷಗಟ್ಟಲೆ ಜೊತೆ ನುಡಿಸಿದವನು. ಅಂಥವನು ತಡವರಿಸಿದ್ದು ಆ ಹಾಡಿನ ಕಷ್ಟಕ್ಕೆ ಸಾಕ್ಷಿ. ಕೋಲ್ಟ್ರೇನನ ಸೋಲೊವನ್ನು ಎಷ್ಟು ಹೊಗಳಿದರೂ ಈ ಸಾಕ್ಷ್ಯದ ತೂಕ ಬರುವುದಿಲ್ಲ. 1982ರಲ್ಲಿ, ಕೋಲ್ಟ್ರೇನ್ ತೀರಿಕೊಂಡು ಹದಿನೈದು ವರ್ಷವಾದ ಮೇಲೆ, ಫ್ಲಾನಗನ್ ಅದೇ ಹಾಡನ್ನು ತನ್ನ ಹೆಸರಿನ ತಟ್ಟೆಯಲ್ಲಿ ಮತ್ತೆ ನುಡಿಸಿದ. ಈ ಸಲ ಎಲ್ಲೂ ಎಡೆ ಇಲ್ಲ. ಎರಡನ್ನೂ ಒಂದೇ ಸಂಜೆ ಕೇಳಿ. ನಿಮ್ಮ ಮುಂದಿನ ಲೇಖನ ಅದೇ ಆಗಬಹುದು.

ದನಿಯನ್ನು ವರ್ಣಿಸುವುದು ಹೇಗೆ ಎಂದು ಕೇಳಿದ್ದೀರಿ. ಒಬ್ಬನನ್ನೇ ಹಿಡಿದುಕೊಂಡು ವರ್ಣಿಸಲು ಹೋದರೆ ವಿಶೇಷಣಗಳ ಹಳ್ಳಕ್ಕೆ ಬೀಳುತ್ತೀರಿ. ಇಬ್ಬರನ್ನು ಅಕ್ಕಪಕ್ಕ ಇಡಿ. ಕೋಲ್ಮನ್ ಹಾಕಿನ್ಸ್ ಟೆನರ್ ಸ್ಯಾಕ್ಸೊಫೋನಿನಲ್ಲಿ 1939ರ ಅಕ್ಟೋಬರಿನಲ್ಲಿ ಮುದ್ರಿಸಿದ 'ಬಾಡಿ ಅಂಡ್ ಸೋಲ್' ಇದೆ. ಎರಡು ಸುತ್ತು, 64 ಬಾರ್, ಮೂಲ ಧಾಟಿಯನ್ನು ಮುಟ್ಟಿದಂತೆ ಮಾಡಿ ಬಿಟ್ಟುಬಿಡುತ್ತಾನೆ. ಅದೇ ಟೆನರ್ ಸ್ಯಾಕ್ಸೊಫೋನನ್ನು 1937ರಲ್ಲಿ ಬಿಲ್ಲಿ ಹಾಲಿಡೇ ಹಾಡಿದ 'ದಿಸ್ ಇಯರ್ಸ್ ಕಿಸಸ್'ನಲ್ಲಿ ಲೆಸ್ಟರ್ ಯಂಗ್ ನುಡಿಸಿದ್ದಾನೆ. ಹಾಕಿನ್ಸ್ ಪ್ರತಿ ಸ್ವರಕ್ಕೂ ಕಂಪನ ಕೊಟ್ಟು ದಪ್ಪ ಮಾಡುತ್ತಾನೆ. ಯಂಗ್ ಕಂಪನವನ್ನು ಹೆಚ್ಚುಕಡಿಮೆ ತೆಗೆದುಹಾಕಿದ್ದಾನೆ. ಹಾಕಿನ್ಸ್ ಸ್ವರಗುಚ್ಛದ ಪ್ರತಿ ಮೂಲೆಯನ್ನೂ ಮುಟ್ಟಿ ಬರುತ್ತಾನೆ, ಯಂಗ್ ಮೂಲೆಗಳನ್ನು ಬಿಟ್ಟು ನಡುವೆ ಹಾಯುತ್ತಾನೆ. ಆಮೇಲೆ ಹಾಲಿಡೇ ಹಾಡತೊಡಗಿದಾಗ ತಾಳಕ್ಕಿಂತ ಒಂದು ಎಳೆ ಹಿಂದೆ ಬೀಳುತ್ತಾಳೆ. ಯಂಗ್ ಮಾಡಿದ್ದೂ ಅದನ್ನೇ ಎಂದು ಆಗ ಹೊಳೆಯುತ್ತದೆ. 'ಬೆಚ್ಚಗಿನ', 'ಮೃದುವಾದ', 'ವಿಷಾದದ' ಯಾವುದನ್ನೂ ಬಳಸದೆ ಇಷ್ಟು ಹೇಳಬಹುದು.

ಯಂಗ್ ಮತ್ತು ಹಾಲಿಡೇ 1957ರ ಡಿಸೆಂಬರ್ 8ರಂದು ಸಿಬಿಎಸ್ ಟಿವಿಯ ಕಾರ್ಯಕ್ರಮವೊಂದರಲ್ಲಿ 'ಫೈನ್ ಅಂಡ್ ಮೆಲೊ' ಹಾಡಲು ಕೂಡಿದ ದೃಶ್ಯ ನೀವು ನೋಡಿರುತ್ತೀರಿ. ಯಂಗ್ ಎದ್ದು ನಿಂತು ಒಂದೇ ಸುತ್ತು ನುಡಿಸುತ್ತಾನೆ, ಹಾಲಿಡೇ ಅವನನ್ನೇ ನೋಡುತ್ತ ತಲೆಯಾಡಿಸುತ್ತಾಳೆ. 1959ರಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಎಲ್ಲರೂ ಅವಳ ಮುಖದ ಬಗ್ಗೆ ಬರೆದಿದ್ದಾರೆ. ನೀವು ಪರದೆ ಮುಚ್ಚಿ ಆ 12 ಬಾರ್ ಕೇಳಿ, ಅದೇ ಹಾಡಿನಲ್ಲಿ ಅವನ ಹಿಂದೆ ಮುಂದೆ ನುಡಿಸಿದ ಬೆನ್ ವೆಬ್‌ಸ್ಟರ್ ಮತ್ತು ಹಾಕಿನ್ಸ್‌ಗೆ ಹೋಲಿಸಿ ಅವನು ಎಷ್ಟು ಕಡಿಮೆ ಸ್ವರ ಬಳಸಿದ ಎಂದು ನೋಡಿ. ಮುಖ ಆಮೇಲೆ ನೋಡಿದರಾಯಿತು.

ಕರ್ನಾಟಕದ ಕೊಂಡಿ ಬೇಕೆಂದು ನಿಮ್ಮ ಸಂಪಾದಕರು ಹೇಳಿದ್ದಾರೆ ಎಂದಿರಿ. ಎಳೆದು ಕಟ್ಟಬೇಡಿ, ನಿಜವಾದವೇ ಇವೆ. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಗಾಯಕಿ ಆರ್.ಎ. ರಮಾಮಣಿ ಅವರೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ ಮಾಡಿದ 'ಜ್ಯೋತಿ' ಎಂಬ ಎಲ್ಪಿ 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ಮರಿಯಾನೊ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದವನು, ನಾಗಸ್ವರ ಕಲಿತವನು. ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ ನುಡಿಸಿದ 'ಕಿನ್ಸ್‌ಮೆನ್' 2008ರದು. ಎರಡು ಆಲ್ಟೊ ಸ್ಯಾಕ್ಸೊಫೋನ್, ಎರಡು ಶಾಲೆ. ಸ್ವರವನ್ನು ಜಾರಿಸುವಾಗ ಕದ್ರಿಯವರದು ಯಾವುದು, ಮಹಂತಪ್ಪ ಅವರದು ಯಾವುದು ಎಂದು ಕಿವಿಯಿಂದಲೇ ಬಿಡಿಸಿ ಹೇಳಬಲ್ಲವರು ನಮ್ಮಲ್ಲೇ ಹೆಚ್ಚಿದ್ದಾರೆ. ಆ ಕೆಲಸ ಕನ್ನಡದಲ್ಲಿ ಆದರೆ ಇಂಗ್ಲಿಷಿನವರೂ ಅನುವಾದಿಸಿಕೊಂಡು ಓದಬೇಕಾಗುತ್ತದೆ.

ಇನ್ನೊಂದು ವಿಷಯ ಹೊಳೆಯಿತು, ನೀವು ಬರೆಯದಿದ್ದರೆ ನಾನೇ ಬರೆಯಬೇಕಾದೀತು. ಷಿಕಾಗೊದಲ್ಲಿ ಅರ್ಲ್ ಹೈನ್ಸ್‌ನ ಕಾಲದಲ್ಲೇ ಟೆಡ್ಡಿ ವೆದರ್‌ಫೋರ್ಡ್ ಎಂಬ ಪಿಯಾನೊ ವಾದಕನಿದ್ದ. 1926ರಲ್ಲಿ ಎರ್ಸ್‌ಕಿನ್ ಟೇಟ್ ತಂಡದಲ್ಲಿ ಆರ್ಮ್‌ಸ್ಟ್ರಾಂಗ್ ಪಕ್ಕದಲ್ಲಿ ಕೂತು ಎರಡು ಹಾಡು ಮುದ್ರಿಸಿದ, ಅದೇ ವರ್ಷ ಏಷ್ಯಾಕ್ಕೆ ಹಡಗು ಹತ್ತಿದ. ಶಾಂಘೈ, ಮುಂಬಯಿಯ ತಾಜ್ ಹೋಟೆಲು, ಆಮೇಲೆ ಕಲ್ಕತ್ತೆಯ ಗ್ರ್ಯಾಂಡ್. ಕಲ್ಕತ್ತೆಯಲ್ಲಿ ತಟ್ಟೆಗಳನ್ನೂ ಮಾಡಿದ, 1945ರ ಏಪ್ರಿಲಿನಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ಕಥೆ ಎಷ್ಟು ಚೆನ್ನಾಗಿದೆ ಎಂದರೆ ನೀವು ನೇರ ಹೋಟೆಲಿಗೇ ಓಡುತ್ತೀರಿ ಎಂದು ನನಗೆ ಗೊತ್ತು. ಮೊದಲು 1926ರ 'ಸ್ಟಾಂಪ್ ಆಫ್, ಲೆಟ್ಸ್ ಗೋ' ಹಾಕಿ, ಆರ್ಮ್‌ಸ್ಟ್ರಾಂಗನನ್ನು ಬಿಟ್ಟು ಪಿಯಾನೊ ಬರುವ ಜಾಗವನ್ನು ಹುಡುಕಿ, ಅವನ ಎಡಗೈ ಏನು ಮಾಡುತ್ತದೆ, ಬಲಗೈ ಏನು ಮಾಡುತ್ತದೆ ಎಂದು ಬರೆದು ಕಳಿಸಿ. ಕಲ್ಕತ್ತೆಗೆ ಆಮೇಲೆ ಹೋಗೋಣ.

ಇಂತಿ,
ನಿಮ್ಮ ಹಿತೈಷಿ